ಹಿಂಜುವ ಕೈ

ನಮ್ಮ ಮನೆಯಲ್ಲಿ ಯಾವುದನ್ನೂ ಇದ್ದ ಹಾಗೆ ಬಿಡುತ್ತಿರಲಿಲ್ಲ, ಎಲ್ಲವನ್ನೂ ಹಿಂಜುತ್ತಿದ್ದೆವು. ಅಪ್ಪ ಅರಳೆ ಹಿಂಜುತ್ತಿದ್ದ, ಅದು ಅವನ ಕಸುಬು. ಅಜ್ಜಿ ಮತ್ತು ಅವ್ವ ಹಳೆಯ ಜಗಳ ಹಿಂಜುತ್ತಿದ್ದರು. ಅದಕ್ಕೆ ಯಾರೂ ಕೂಲಿ ಕೊಡುತ್ತಿರಲಿಲ್ಲ, ಆದರೂ ಇಬ್ಬರೂ ಒಂದು ದಿನ ರಜೆ ಹಾಕಿದವರಲ್ಲ. ಶಿಕಾರಿಪುರದ ಪೇಟೆಬೀದಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮುಂದಿನ ಕೋಣೆಯ ತೊಲೆಯಿಂದ ಇಳಿಬಿಟ್ಟ ಹಗ್ಗಕ್ಕೆ ಅಪ್ಪನ ಕಮಾನು ತೂಗುತ್ತಿತ್ತು. ಆಳುದ್ದದ ಮರದ ಬಿಲ್ಲು ಅದು, ಅದಕ್ಕೆ ಕುರಿಯ ಕರುಳಿನಿಂದ ಹೊಸೆದ ನರ ಬಿಗಿದಿತ್ತು. ಅರಳೆಯ ಗುಡ್ಡೆಯೊಳಕ್ಕೆ ಆ ನರವನ್ನು ಇಳಿಸಿ ಮರದ ಕೊಡತಿಯಿಂದ ಹೊಡೆದರೆ ಡುಂಯ್ ಎಂದು ಸದ್ದೆದ್ದು, ಹಳೆಯ ಗಾದಿಯ ಗಂಟುಗಟ್ಟಿದ ಅರಳೆಯೆಲ್ಲ ಬಿಚ್ಚಿಕೊಂಡು ಹಾರುತ್ತಿತ್ತು. ಬೆಳಿಗ್ಗೆ ನಾನು ಏಳುತ್ತಿದ್ದದ್ದು ಆ ಸದ್ದಿಗೆ. ನಡುವಿನ ಕೋಣೆಯಲ್ಲಿ ಅಜ್ಜಿ, ಅವ್ವ ಮತ್ತು ನಾನು ಕೂತು ಅರಳೆಯನ್ನು ಬೆರಳಿನಲ್ಲಿ ಎಳೆ ಎಳೆಯಾಗಿ ಬಿಡಿಸಿ, ಬೀಜ, ಕಸ ಆರಿಸಿ ಅಪ್ಪನ ಮುಂದೆ ಹಾಕಬೇಕು. ಗಾದಿ ತುಂಬಿದ ಮೇಲೆ ಉದ್ದನೆಯ ದಬ್ಬಣದಲ್ಲಿ ಅದನ್ನು ಹೊಲಿಯುವುದು ಅವ್ವನ ಕೆಲಸ. ಹಿಂದಿನದು ಅಡುಗೆಮನೆ. ಅದರ ಬಾಗಿಲು ಯಾವಾಗಲೂ ಮುಚ್ಚಿರಲೇಬೇಕು. ಒಂದು ಕಿಡಿ ಹಾರಿ ಅರಳೆಗೆ ಬಿದ್ದರೆ ಮನೆಯಷ್ಟೇ ಅಲ್ಲ, ಓಣಿಯೇ ಉಳಿಯುವುದಿಲ್ಲ. ಅಪ್ಪ ಬೀಡಿ ಸೇದಬೇಕಾದರೂ ಬೀದಿಗೇ ಹೋಗಬೇಕಿತ್ತು. ಎಷ್ಟು ಬಾಗಿಲು ಹಾಕಿದರೂ ಅರಳೆ ಮಾತ್ರ ಒಳಗೆ ಬರುತ್ತಿತ್ತು. ಸಾರಿನ ಮೇಲೆ ತೇಲುತ್ತಿತ್ತು, ರೊಟ್ಟಿಗೆ ಅಂಟುತ್ತಿತ್ತು, ಅಜ್ಜಿಯ ಹುಬ್ಬಿನ ಮೇಲೆ ಸಂಜೆಯವರೆಗೂ ಕೂತಿರುತ್ತಿತ್ತು. ಕೆಲಸ ಮುಗಿದ ಮೇಲೆ ಎಲ್ಲರಿಗೂ ಒಂದೊಂದು ಚೂರು ಬೆಲ್ಲ ಸಿಗುತ್ತಿತ್ತು. ಗಂಟಲಿಗೆ ಹೋದ ದೂಳು ಇಳಿಯಲಿ ಎಂದು ಅದನ್ನು ತಿನ್ನುವುದು ನಮ್ಮವರ ರೂಢಿ. ದೂಳು ಇಳಿಯುತ್ತಿತ್ತೋ ಇಲ್ಲವೋ ನಾನರಿಯೆ, ಬೆಲ್ಲದಾಸೆಗೆ ನಾನಂತೂ ಬೇಕೆಂದೇ ಕೆಮ್ಮುತ್ತಿದ್ದೆ.

ಇನ್ನು ನನ್ನ ಎಡಗೈಯ ವಿಷಯ. ಅದು ಸುಟ್ಟದ್ದು ನನಗೆ ನೆನಪಿಲ್ಲ. ಅಂಬೆಗಾಲಿಡುವ ವಯಸ್ಸಿನಲ್ಲಿ ಒಲೆಯ ಹತ್ತಿರ ಹೋಗಿ ಕೆಂಡಕ್ಕೆ ಕೈ ಹಾಕಿದೆನಂತೆ. ಯಾರೋ ಬೆರಳುಗಳನ್ನೆಲ್ಲ ಸೇರಿಸಿ ಬಟ್ಟೆ ಸುತ್ತಿದರಂತೆ. ಬಟ್ಟೆ ಬಿಚ್ಚಿದಾಗ ಉಂಗುರದ ಬೆರಳು, ಕಿರುಬೆರಳು ಎರಡೂ ಒಂದಕ್ಕೊಂದು ಅಂಟಿ, ಅಂಗೈ ಕಡೆಗೆ ಮಡಚಿಕೊಂಡು ಹಾಗೇ ನಿಂತುಬಿಟ್ಟಿದ್ದವು. ಹೆಬ್ಬೆರಳು, ತೋರುಬೆರಳು, ನಡುಬೆರಳು ಉಳಿದವು. ಆ ದಿನ ಕೂಸನ್ನು ನೋಡಿಕೊಳ್ಳಬೇಕಾದವರು ಯಾರು ಎನ್ನುವುದು ನಮ್ಮ ಮನೆಯ ಎಂದೂ ಮುಗಿಯದ ವ್ಯಾಜ್ಯ. ಅರಳೆ ಬಿಡಿಸುತ್ತಾ ಕೂತಾಗ ಎಲ್ಲಿಂದಲೋ ಶುರುವಾದ ಮಾತು ಅಲ್ಲಿಗೇ ಬಂದು ಮುಟ್ಟುತ್ತಿತ್ತು.

"ಕೂಸಿನ ಮ್ಯಾಲ ಒಂದು ಕಣ್ಣಿಡು ಅಂತ ಹೇಳೇ ನಾನು ಬಾಗಲ ಕಡೀಗೆ ಹೋಗಿದ್ದೆ," ಎನ್ನುತ್ತಿದ್ದಳು ಅಜ್ಜಿ.

"ನಾನು ಹಿತ್ಲಲ್ಲಿ ನೀರು ಸೇದ್ತಿದ್ದೆ ಅತ್ತೆ. ಒಲೆ ಮುಂದೆ ಕೂತಿದ್ದೋರು ನೀವು," ಎನ್ನುತ್ತಿದ್ದಳು ಅವ್ವ.

ಮುಂದಿನ ಕೋಣೆಯಿಂದ ಅಪ್ಪನ ಕಮಾನು ಇನ್ನಷ್ಟು ಜೋರಾಗಿ ಡುಂಯ್ ಎನ್ನುತ್ತಿತ್ತು. ಇಬ್ಬರ ಮಾತೂ ಕೇಳಿಸದಂತೆ ಮಾಡಲು ಅವನಿಗೆ ಗೊತ್ತಿದ್ದ ಉಪಾಯ ಅದೊಂದೇ. ಜಗಳದಲ್ಲಿ ಸೋಲುತ್ತಿದ್ದವಳು ಅವ್ವ. ಸೊರಬದಿಂದ ಬಂದ ಸೊಸೆ, ಮೊದಲ ಕೂಸನ್ನೇ ಸುಟ್ಟುಕೊಂಡಳು ಎಂದು ಓಣಿಯ ಹೆಂಗಸರು ಆಡಿಕೊಂಡದ್ದು ಅವಳ ಕಿವಿಗೆ ಬಿದ್ದಿತ್ತು. ಅದಕ್ಕೇ ಇರಬೇಕು, ನನ್ನ ಕೈ ಹೊರಗೆ ಕಂಡರೆ ಅವಳ ಮುಖವೇ ಸಪ್ಪಗಾಗುತ್ತಿತ್ತು. ನನ್ನ ಪ್ರತಿಯೊಂದು ಲಂಗಕ್ಕೂ ಎಡಗಡೆ ಒಂದು ಜೇಬು ಹೊಲಿದಿದ್ದಳು. ಆ ಕಾಲದಲ್ಲಿ ಹುಡುಗಿಯರ ಲಂಗಕ್ಕೆ ಜೇಬೆಲ್ಲಿತ್ತು? ಶಾಲೆಯಲ್ಲಿ ಗೆಳತಿಯರಿಗೆ ಅದನ್ನು ಕಂಡು ಹೊಟ್ಟೆಕಿಚ್ಚು. ಹೊರಗೆ ಹೊರಟಾಗ, ಯಾರಾದರೂ ಮನೆಗೆ ಬಂದಾಗ, ಕೈ ಜೇಬಿನೊಳಗೆ ಇರಬೇಕು. ಮರೆತರೆ ಅವ್ವ ಪಕ್ಕಕ್ಕೆ ಬಂದು ಸೆರಗು ಎಳೆದು ನನ್ನ ಕೈ ಮುಚ್ಚುತ್ತಿದ್ದಳು. ನನಗೆ ಅದು ಸಿಟ್ಟು ತರಿಸುತ್ತಿತ್ತು. ಅಜ್ಜಿಯ ತಕರಾರು ಬೇರೆ ಬಗೆಯದು. ಅವಳಿಗೆ ಸುಟ್ಟದ್ದರ ಚಿಂತೆಯಿಲ್ಲ, ಎಡದ್ದರ ಚಿಂತೆ. ಎಡಗೈಲಿ ಕೊಡಬಾರದು, ತಗೊಳ್ಳಬಾರದು, ಉಣ್ಣಬಾರದು, ದೊಡ್ಡವರಿಗೆ ಸಲಾಂ ಮಾಡಬಾರದು, ಒಳ್ಳೆಯ ಯಾವ ಕೆಲಸಕ್ಕೂ ಅದನ್ನು ಮುಂದೆ ಮಾಡಬಾರದು. ಅರಳೆ ಬಿಡಿಸುವುದಕ್ಕೆ ಮಾತ್ರ ಈ ಕಾನೂನು ಅನ್ವಯಿಸುತ್ತಿರಲಿಲ್ಲ. ಹಿಂಜುವ ಕೆಲಸಕ್ಕೆ ಎಡವೂ ಬೇಕು, ಬಲವೂ ಬೇಕು. ನಾಲ್ಕು ವರ್ಷದವಳಿದ್ದಾಗಿನಿಂದ ನನ್ನ ಆ ಮೂರು ಬೆರಳು ಅರಳೆಯ ಎಳೆ ಕೀಳುತ್ತಾ ಬೆಳೆದವು, ಅದರಲ್ಲಿ ನನ್ನನ್ನು ಮೀರಿಸುವವರು ಮನೆಯಲ್ಲಿ ಇರಲಿಲ್ಲ.

ಗಿಟಾರ್ ಬಂದದ್ದು ಇಂಥ ಮನೆಗೆ. ತಂದವನು ಅವ್ವನ ತಮ್ಮ, ಸೊರಬದ ಇಮಾಮ್ ಮಾವ. ಅವನದು ಮೈಕ್‌ಸೆಟ್ ಅಂಗಡಿ. ಮದುವೆಗಳಿಗೆ ಸ್ಪೀಕರ್ ಕಟ್ಟಿ ಗ್ರಾಮಫೋನಿನಲ್ಲಿ ಹಾಡಿನ ಪ್ಲೇಟ್ ಹಾಕುವುದು, ಬಣ್ಣದ ಬಲ್ಬು ಬಿಡುವುದು ಅವನ ಉದ್ಯೋಗ. ಬೆಲ್‌ಬಾಟಮ್ ಪ್ಯಾಂಟು ಹಾಕಿ, ಕಿವಿ ಮುಚ್ಚುವಷ್ಟು ಕೂದಲು ಬಿಟ್ಟಿದ್ದ. ಯಾವುದೋ ಆರ್ಕೆಸ್ಟ್ರಾ ಪಾರ್ಟಿ ಒಡೆದುಹೋದಾಗ ಅವರ ಗಿಟಾರು ಇವನ ಪಾಲಿಗೆ ಬಂದಿತ್ತು. ಒಂದು ಬೇಸಿಗೆಯ ಕೊನೆಯಲ್ಲಿ ಅದನ್ನು ಕಂಬಳಿಯಲ್ಲಿ ಸುತ್ತಿ, ಎದೆಗವಚಿಕೊಂಡು ಬಸ್ಸಿನಿಂದ ಇಳಿದು ಬಂದ. ಬಾಗಿಲಲ್ಲಿ ಕೂತಿದ್ದ ಅಜ್ಜಿ ಗಾಬರಿಯಾಗಿ ಎದ್ದು ನಿಂತಳು.

"ಯಾರ ಕೂಸೋ ಇದು ಇಮಾಮ? ಮೈ ಹುಷಾರಿಲ್ಲೇನು?"

"ಕೂಸಲ್ಲ ಅಜ್ಜಿ, ಗಿಟಾರು. ನಮ್ಮೂರ ಮಳೆಗಾಲಕ್ಕೆ ಮರ ಉಬ್ಬಿ ಹಾಳಾಗ್ತದೆ. ನಿಮ್ಮನೆ ಅರಳೆ ಒಳಗೆ ಬೆಚ್ಚಗೆ ಇಟ್ಕೊಳ್ಳಿ. ಮಳೆ ಬಿಟ್ಟ ಮೇಲೆ ಬಂದು ತಗಂಡು ಹೋಗ್ತೀನಿ."

ಅದನ್ನು ಬೂರುಗದ ಅರಳೆಯ ಚೀಲಗಳ ನಡುವೆ ಮಲಗಿಸಲಾಯಿತು. ನಾನಾಗ ಐದನೇ ಕ್ಲಾಸು. ಎಲ್ಲರೂ ಊಟಕ್ಕೆ ಕೂತಿದ್ದಾಗ ಮೆಲ್ಲನೆ ಹೋಗಿ ಕಂಬಳಿ ಸರಿಸಿ ತೆಳ್ಳನೆಯ ತಂತಿಯೊಂದನ್ನು ಎಳೆದೆ, ಅರಳೆಯ ಎಳೆ ಎಳೆದ ಹಾಗೆ. ಅದುವರೆಗೆ ತಂತಿ ಎಂದರೆ ನನಗೆ ಅಪ್ಪನ ಕಮಾನಿನ ನರ, ಅದರದು ಒಂದೇ ದನಿ, ಅದೂ ಹೊಡೆದರೆ ಮಾತ್ರ. ಇದು ಮುಟ್ಟಿದ್ದಕ್ಕೇ ಮಾತಾಡಿತು. ಆ ಗಳಿಗೆಯಲ್ಲಿ ನನಗೆ ಅದು ಬೇಕು ಅನ್ನಿಸಿತು, ಬೇರೇನನ್ನೂ ಅಷ್ಟು ಬಯಸಿದ ನೆನಪಿಲ್ಲ. ಮಾವನ ಕಾಲು ಹಿಡಿದು, ಅವನು ಊರಿಗೆ ಹೊರಡುವುದರೊಳಗೆ ಕಲಿಸಲೇಬೇಕು ಎಂದು ಹಟ ಹಿಡಿದೆ. ಅವನಿಗೆ ಬರುತ್ತಿದ್ದದ್ದೇ ಮೂರು ಕಾರ್ಡು. ಕಾರ್ಡ್ ಎಂದರೆ ಹಲವು ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯುವುದು ಎಂದು ಅವನು ವಿವರಿಸುವಷ್ಟರಲ್ಲಿ ಮುಂದಿನ ಕೋಣೆಯಿಂದ ಅಪ್ಪ ಕೇಳಿದ:

"ಕಾರ್ಡು ಯಾರಿಗ ಹಾಕಬೇಕು? ಎಲ್ಲಾ ಆರಾಮ ಅದಾರಿಲ್ಲೋ ಸೊರಬದಾಗ?"

ಮಾವ ನಗುತ್ತಾ ಗಿಟಾರನ್ನು ನನ್ನ ತೊಡೆಯ ಮೇಲಿಟ್ಟು ಅದರ ಕತ್ತನ್ನು ನನ್ನ ಎಡಗೈಗೆ ಕೊಟ್ಟ. ನನ್ನ ಅಂಗೈ ಬಿಚ್ಚಿಕೊಳ್ಳದು, ಕತ್ತು ಅದರೊಳಗೆ ಕೂರದು. ತೋರುಬೆರಳು, ನಡುಬೆರಳು ಹೇಗೋ ತಂತಿ ಮುಟ್ಟಿದರೆ ಮಡಚಿದ ಆ ಎರಡು ಬೆರಳು ಅಡ್ಡ ಬಂದು ಬೇರೆ ತಂತಿಗಳ ಬಾಯಿ ಮುಚ್ಚುತ್ತಿದ್ದವು. ಬಲಗೈಯಲ್ಲಿ ಮೀಟಲು ಮಾವ ಕೊಟ್ಟ ಪ್ಲಾಸ್ಟಿಕ್ ಚೂರು ಜಾರಿ ಗಿಟಾರಿನ ಹೊಟ್ಟೆಯೊಳಗೇ ಬಿತ್ತು. ಎಷ್ಟು ಒತ್ತಿದರೂ ಥಪ್, ಥಪ್ ಎನ್ನುವುದಷ್ಟೇ ಬಂತು. ಸುಟ್ಟ ಚರ್ಮ ಎಳೆದು ಕಣ್ಣಲ್ಲಿ ನೀರು ತುಂಬಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅವ್ವ ನೋಡುತ್ತಿದ್ದಳು.

"ಸಾಕು ಬಿಡಾ ಇಮಾಮ," ಎಂದಳು. "ಇಲ್ಲದ ಆಸೆ ಎಂತಕ್ಕೆ ಹಚ್ತೀಯ ಅದಕ್ಕೆ?"

"ಇದು ನಿನ್ ಕೈಗೆ ಆಗದಲ್ಲ ಮಗಾ," ಎಂದ ಮಾವ. ಅವನಿಗೂ ಬೇಜಾರಾಗಿತ್ತು. "ಮುಂದಿನ ಸಲ ಬರೋವಾಗ ನಿಂಗೆ ಬೇರೆ ಎಂತಾರು ತರ್ತೀನಿ, ಅಳಬೇಡ."

ಅವನು ಹೋದ ಮೇಲೆ ನಾನು ಎರಡು ದಿನ ಊಟ ಬಿಟ್ಟೆ. ಎರಡು ದಿನ ಎಂದರೆ, ಮನೆಯವರೆದುರು ಬಿಟ್ಟೆ. ಅಜ್ಜಿ ಕದ್ದು ತಂದುಕೊಟ್ಟ ಮಂಡಕ್ಕಿಯನ್ನು ಚೀಲಗಳ ಹಿಂದೆ ಕೂತು ತಿನ್ನುತ್ತಿದ್ದೆ. ಅಪ್ಪನಿಗೆ ಮಗಳ ಅಳು ಕೇಳಿ ಅಭ್ಯಾಸವಿರಲಿಲ್ಲ. ಅವನು ಮದುವೆ ಕಾಲದಲ್ಲಿ ಕಮಾನು ಹೆಗಲಿಗೇರಿಸಿ ಉಡುತಡಿ, ಕುಪ್ಪಗಡ್ಡೆ ಎಂದು ಊರೂರಿಗೆ ಹೋಗಿ, ಅವರ ಜಗಲಿಯಲ್ಲೇ ಕೂತು ಮದುಮಗಳ ಗಾದಿ ತುಂಬಿ ಬರುವವನು. ಮಾತು ಕಡಿಮೆ, ಏನೇ ತೊಡಕು ಬಂದರೂ ಹಗ್ಗ, ಗಂಟು, ದಬ್ಬಣದಲ್ಲಿ ಪರಿಹಾರ ಹುಡುಕುವವನು. ನನ್ನ ಕೈಗೆ ಗಿಟಾರಿನ ಭಾರ ಹೊರಲು ಆಗುತ್ತಿಲ್ಲ, ಅದಕ್ಕೇ ಬಾರಿಸಲು ಬರುತ್ತಿಲ್ಲ ಎಂದು ಅವನು ತನ್ನಷ್ಟಕ್ಕೆ ತೀರ್ಮಾನಿಸಿಬಿಟ್ಟಿದ್ದ. ಮೂರನೆಯ ದಿನ ನಾನು ಶಾಲೆಯಿಂದ ಬಂದು ನೋಡುತ್ತೇನೆ, ಮುಂದಿನ ಕೋಣೆಯಲ್ಲಿ ಕಮಾನಿನ ಪಕ್ಕದಲ್ಲೇ ಗಿಟಾರೂ ತೊಲೆಗೆ ತೂಗುಬಿದ್ದಿದೆ! ಕತ್ತಿಗೊಂದು ಹಗ್ಗ, ಹಿಂಬದಿಗೊಂದು ಹಗ್ಗ, ಎರಡನ್ನೂ ಮೇಲೆ ಸೇರಿಸಿ ಒಂದೇ ಗಂಟು.

"ನಾನೇನು ಕಮಾನು ಹೊತ್ತುಕೊಂಡು ಹಿಂಜ್ತೀನೇನು? ಭಾರ ಎಲ್ಲಾ ಹಗ್ಗ ಹೊರತೈತಿ," ಎಂದ ಅಪ್ಪ. "ಬಾ, ಕೂತುಕ. ಹಿಂಗ ಒಂದು ಏಟು ಹಾಕಬೇಕು ನೋಡು."

ಹೀಗೆ ಹೇಳಿ, ಜಗತ್ತಿನ ಯಾವ ಗಿಟಾರಿಗೂ ಬಂದಿರದ ಗತಿಯನ್ನು ನಮ್ಮ ಗಿಟಾರಿಗೆ ತಂದ. ಕೊಡತಿ ಎತ್ತಿ ತೆಳ್ಳನೆಯ ತಂತಿಗೆ ಬಾರಿಸಿದ. ತಂತಿ ಟಣ್ ಎಂದು ಕಿತ್ತು ಅವನ ಕೆನ್ನೆಗೆ ಬಿತ್ತು, ಗಿಟಾರು ಹಗ್ಗದಲ್ಲಿ ಗಿರಗಿರ ತಿರುಗಿತು. ಅಜ್ಜಿ ಒಳಗಿಂದ ಓಡಿಬಂದು ಮಗನಿಗೆ ಬಯ್ಯತೊಡಗಿದಳು. ಅಪ್ಪ ಕೆನ್ನೆ ಉಜ್ಜಿಕೊಳ್ಳುತ್ತಾ ನಕ್ಕ, ಅವನ ನಗು ಕಂಡು ನನಗೂ ಎರಡು ದಿನದ ಅಳು ಹೋಗಿ ನಗು ಬಂತು. ನಗುತ್ತಲೇ, ತಿರುಗುತ್ತಿದ್ದ ಗಿಟಾರನ್ನು ಹಿಡಿದು ನಿಲ್ಲಿಸಿದೆ. ಅದು ತಿರುವುಮುರುವಾಗಿ ನಿಂತಿತ್ತು. ಕತ್ತು ನನ್ನ ಬಲಕ್ಕೆ ಬಂದಿತ್ತು, ಹೊಟ್ಟೆ ಎಡಕ್ಕೆ. ಎಡಗೈ ತಂತಾನೇ ಜೇಬಿನಿಂದ ಹೊರಬಂದು ತಂತಿಗಳ ಮೇಲೆ ಇಳಿಯಿತು. ಹೆಬ್ಬೆರಳು ಒಂದು ತಂತಿ ಎಳೆಯಿತು, ತೋರುಬೆರಳು ಇನ್ನೊಂದು, ನಡುಬೆರಳು ಮತ್ತೊಂದು. ಅರಳೆ ಬಿಡಿಸುವುದೂ ಹೀಗೆಯೇ ಅಲ್ಲವೇ? ಮಡಚಿಕೊಂಡ ಬೆರಳೆರಡೂ ಎಲ್ಲಿ ಹೋಗಬೇಕೆಂದು ಯೋಚಿಸದೆ ಗಿಟಾರಿನ ಮೈಮೇಲೆ ಊರಿ ನಿಂತವು, ಕೈಗೆ ಅದೇ ಆಸರೆಯಾಯಿತು. ನನಗೆ ಮೈಯೆಲ್ಲ ಝುಂ ಎಂದಿತು. ಸುಟ್ಟ ಕೈಯಲ್ಲೇ ಅದನ್ನು ಮಾತಾಡಿಸಬಹುದಿತ್ತು, ಒಳ್ಳೆಯ ಕೈಗೆ ಒತ್ತುವ ಕೆಲಸ ಕೊಟ್ಟರಾಯಿತು.

ಅಜ್ಜಿಯ ಕಾನೂನು ಎದ್ದು ನಿಂತದ್ದು ಆಗ.

"ಎಡಗೈಲೆ ಬಾರಸತಾಳಲ್ಲೋ! ನಾಳೆ ಮದುವಿ ಮನ್ಯಾಗ, ದೊಡ್ಡೋರ ಮುಂದ ಎಡಗೈ ಮುಂದ ಮಾಡಿದರ ಏನಂದಾರು? ಬಾರಸೋದು ಶುಭದ ಕೆಲಸ, ಅದಕ್ಕ ಎಡಗೈ ಬ್ಯಾಡ."

ಅಪ್ಪ ಕಿತ್ತ ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನನ್ನ ಪಕ್ಕಕ್ಕೆ ಬಂದು ಕೂತ. ಆಮೇಲೆ ಕೇಳಿದ:

"ಅಕಿ ಬಾರಸಾಕ ಹತ್ಯಾಳಂತ ಯಾರಂದ್ರವ್ವ? ಸರೀಗೆ ನೋಡು. ಹಿಂಜಾಕ ಹತ್ಯಾಳ."

ಅಜ್ಜಿ ನನ್ನ ಬೆರಳುಗಳನ್ನೇ ನೋಡಿದಳು. ಜೀವಮಾನವಿಡೀ ಎರಡೂ ಕೈಯಲ್ಲಿ ಅರಳೆ ಹಿಂಜಿದವಳು, ಅಲ್ಲ ಎಂದು ಹೇಗೆ ಹೇಳಿಯಾಳು? ಅವತ್ತಿನಿಂದ ನಮ್ಮ ಮನೆಯಲ್ಲಿ ಯಾರೂ ಗಿಟಾರ್ ಬಾರಿಸಲಿಲ್ಲ, ನುಡಿಸಲೂ ಇಲ್ಲ. ನಾನು ಅದನ್ನು ಹಿಂಜಿದೆ. "ಎಲ್ಲದಾಳ ಮಾಬೂ?" ಎಂದು ಯಾರಾದರೂ ನನ್ನನ್ನು ಹುಡುಕಿಕೊಂಡು ಬಂದು ಕೇಳಿದರೆ, "ಒಳಗ ಗಿಟಾರ ಹಿಂಜಾಕ ಹತ್ಯಾಳ" ಎನ್ನುತ್ತಿದ್ದಳು ಅಜ್ಜಿ, ಬಹಳ ಗಂಭೀರವಾಗಿ. ಕೇಳಿದವರು ಗಿಟಾರ ಎನ್ನುವುದು ಹತ್ತಿಯ ಯಾವುದೋ ಹೊಸ ತಳಿ ಎಂದುಕೊಂಡು ಸುಮ್ಮನಾಗುತ್ತಿದ್ದರು.

ದಪ್ಪ ತಂತಿ ನನ್ನ ಹೆಬ್ಬೆರಳ ಕಡೆಗೆ ಬರಲಿ ಎಂದು ಅಪ್ಪ ತಂತಿಗಳನ್ನೆಲ್ಲ ಬಿಚ್ಚಿ ಹಿಂದುಮುಂದಾಗಿ ಕಟ್ಟಿಕೊಟ್ಟ. ಕತ್ತಿನ ತುದಿಯಲ್ಲಿ ತಂತಿ ಕೂರುವ ಗೀರು ದಪ್ಪ ತಂತಿಗೆ ಸಾಲದೆ, ಅದು ಗುಂಯ್ ಎಂದು ಕೊಸರಾಡುತ್ತಿತ್ತು. ಅದನ್ನು ದಬ್ಬಣ ಚೂಪು ಮಾಡುವ ಅರದಿಂದ ಉಜ್ಜಿ ಅಗಲ ಮಾಡಿದ. ಒಂದು ಕಡೆ ಹೆಚ್ಚೇ ಉಜ್ಜಿದ್ದರಿಂದ ಒಂದು ತಂತಿ ಕೊನೆಯವರೆಗೂ ಸ್ವಲ್ಪ ಮೂಗಿನಲ್ಲಿ ಮಾತಾಡುತ್ತಲೇ ಇತ್ತು. ಕಲಿಸುವವರಿರಲಿಲ್ಲ. ಎದುರಿನ ಹೋಟೆಲಿನ ರೇಡಿಯೋದಲ್ಲಿ ಕೇಳಿದ್ದನ್ನು ಹುಡುಕುತ್ತಿದ್ದೆ, ಸಿಗುವಷ್ಟರಲ್ಲಿ ವಾರ್ತೆ ಶುರುವಾಗಿರುತ್ತಿತ್ತು. ಬಲಗೈ ಬೆರಳ ತುದಿಗಳು ತಂತಿಗೆ ಒತ್ತಿ ಒತ್ತಿ ಸೀಳಿದವು. ಊಟ ಮಾಡಬೇಕಾದದ್ದೂ ಅದೇ ಕೈಯಲ್ಲಿ, ಅವ್ವನ ಸಾರೋ ಬೆಂಕಿ. ಮೊದಲ ತುತ್ತಿಗೇ ಬೆರಳು ಉರಿದು ಕುಣಿಯುವಂತಾಗುತ್ತಿತ್ತು. ಕುಣಿದರೆ ಗಿಟಾರ್ ಬಂದ್. ಅದಕ್ಕೇ ಹಲ್ಲು ಕಚ್ಚಿ ಉಣ್ಣುತ್ತಿದ್ದೆ. ಎಡಗೈಯ ಕಷ್ಟ ಇನ್ನೊಂದು ಬಗೆಯದು. ಸ್ವಲ್ಪ ಹೊತ್ತು ಹಿಂಜಿದರೆ ಸುಟ್ಟ ಚರ್ಮ ಬಿಗಿದು ಮೂರೂ ಬೆರಳು ಸೆಟೆದುಕೊಳ್ಳುತ್ತಿದ್ದವು, ಚಳಿಗಾಲದಲ್ಲಿ ಇನ್ನೂ ಬೇಗ. ಆಗ ಅಜ್ಜಿ ಆಗಷ್ಟೇ ಹಿಂಜಿದ ಅರಳೆಯನ್ನು ಬಿಸಿಲಿಗೆ ಕಾಯಿಸಿ ತಂದು ನನ್ನ ಕೈಗೆ ಸುತ್ತಿ ತನ್ನ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು. ಆ ಬೆಚ್ಚಗಿನ ಸುಖವನ್ನು ನೆನೆದರೆ ಇಂದಿಗೂ ನನಗೆ ಅಜ್ಜಿಯ ಮೇಲೆ ಪ್ರೀತಿ ಉಕ್ಕುತ್ತದೆ. ಎಡಗೈ ಬೇಡ ಎಂದವಳೇ ಅದನ್ನು ಅಷ್ಟು ಜೋಪಾನ ಮಾಡಿದವಳು. ಕೈ ಸುತ್ತಿಕೊಂಡು ಕೂತಾಗ ನಮ್ಮವರ ಮದುವೆಗಳಲ್ಲಿ ಅರಿಸಿನ ಹಚ್ಚುವಾಗ ಹೆಂಗಸರು ಹಾಡುವ ಸೋಬಾನೆಯನ್ನು ಅಜ್ಜಿ ನಿಧಾನವಾಗಿ, ನನಗೋಸ್ಕರ ಒಂದೊಂದು ದನಿ ನಿಲ್ಲಿಸಿ ಹಾಡುತ್ತಿದ್ದಳು. ಕೈ ಬಿಚ್ಚಿದ ಮೇಲೆ ನಾನು ಅದನ್ನು ತಂತಿಯಲ್ಲಿ ಹುಡುಕುತ್ತಿದ್ದೆ. ಹೆಬ್ಬೆರಳಿಗೆ ಅಪ್ಪನ ಕಮಾನಿನ ಲಯ ಸಲೀಸಾಗಿ ಬರುತ್ತಿತ್ತು, ಅದರ ಮೇಲೆ ಉಳಿದೆರಡು ಬೆರಳು ಹಾಡಿನ ಬೆನ್ನು ಹತ್ತಬೇಕು. ಮೂರು ಬೆರಳ ಕೆಲಸವನ್ನು ಎರಡರಲ್ಲಿ ಮಾಡುವುದೆಂದರೆ ನಡುಬೆರಳಿಗೆ ಯಾವಾಗಲೂ ಓಡಾಟ. ಒಂದು ಕಡೆ ಅದು ತಡವಾಗಿ ತಲುಪಿ, ಹಾಡು ಎಡವಿ, ಹಿಂದಿನ ಸಾಲಿಗೇ ಮತ್ತೆ ಹೋಗಬೇಕಾಗುತ್ತಿತ್ತು. ಆ ಎಡವು ಎಷ್ಟು ವರ್ಷವಾದರೂ ಪೂರ್ತಿ ಹೋಗಲಿಲ್ಲ.

ಮಳೆ ಬಿಟ್ಟ ಮೇಲೆ ಗಿಟಾರ್ ಒಯ್ಯಲು ಮಾವ ಬಂದ. ನಾನು ಹಿಂಜುವುದನ್ನು ಕೇಳಿ ಬೆಲ್‌ಬಾಟಮ್ ಸಮೇತ ಅರಳೆಯ ಮೇಲೆ ಕೂತುಬಿಟ್ಟ. ಎಡವಿದಲ್ಲೆಲ್ಲ ಅವನ ತಲೆಯೂ ನನ್ನ ಜೊತೆ ಹಿಂದಕ್ಕೆ ಹೋಗಿ ಮುಂದಕ್ಕೆ ಬರುತ್ತಿತ್ತು. ಮುಗಿದ ಮೇಲೆ ಖಾಲಿ ಕಂಬಳಿಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದ. ಅದಾದ ಮೇಲೆ ಆ ಗಿಟಾರ್ ಯಾರದು ಎಂಬ ಮಾತೇ ಬರಲಿಲ್ಲ.

ಅವ್ವ ಮಾತ್ರ ಈ ಯಾವುದರಲ್ಲೂ ಸೇರಲಿಲ್ಲ. ನಾನು ಕೂತ ಕೋಣೆಯ ಕಿಟಕಿ ಮುಚ್ಚುತ್ತಿದ್ದಳು. ಗಾದಿ ಕೊಳ್ಳಲು ಜನ ಬಂದರೆ, "ಸಾಕು, ಒಳಗೆ ಬಾ" ಎನ್ನುತ್ತಿದ್ದಳು. ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲೂ ಇಲ್ಲ. ಹಾಡು ನನಗೆ ಬರುತ್ತಾ ಬಂದಷ್ಟೂ ಅವಳಿಗೆ ಕೈ ಕಾಣಿಸುವ ಭಯ ಹೆಚ್ಚುತ್ತಾ ಹೋಯಿತು. ನಾನು ಒಂಬತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಅವಳ ಭಯಕ್ಕೆ ಇನ್ನೊಂದು ಕಾರಣವೂ ಸೇರಿತ್ತು, ನಮ್ಮವರಲ್ಲಿ ಆ ವಯಸ್ಸಿನ ಹುಡುಗಿಯರನ್ನು ನೋಡಿ ಹೋಗಲು ಜನ ಬರುತ್ತಿದ್ದರು. ಆ ವರ್ಷವೇ ಸೊರಬದಲ್ಲಿ ಮಾವನ ಮಗಳು ಜೈನಬಿಯ ಮದುವೆ ಗೊತ್ತಾಯಿತು. ಕರೆಯಲು ಬಂದ ಮಾವ, ಚಪ್ಪರದಲ್ಲಿ ಮೈಕ್ ಮುಂದೆ ನನ್ನನ್ನು ಕೂರಿಸಿ ಸೋಬಾನೆ ಕೇಳಿಸುತ್ತೇನೆ ಎಂದುಬಿಟ್ಟ. ಅವ್ವ ಹೊಲಿಯುತ್ತಿದ್ದ ದಬ್ಬಣವನ್ನು ಗಾದಿಗೆ ಚುಚ್ಚಿ ನಿಲ್ಲಿಸಿದಳು.

"ಎಂತ ಮಾತಾಡ್ತೀಯಾ ನೀನು? ನೆಂಟರೆಲ್ಲ ಬರ್ತಾರೆ. ಎಲ್ಲರ ಕಣ್ಣೂ ಅವಳ ಕೈ ಮೇಲೆ. ನಾಳೆ ಅವಳನ್ನ ಕೇಳ್ಕಂಡು ಯಾರು ಬರ್ತಾರೆ? ನೀನು ಮೈಕ್ ಕಟ್ಟಿ ಮನೆಗೆ ಹೋಗ್ತೀಯಾ, ಅನುಭವಿಸದು ನಾನು."

"ಕೈ ಅಲ್ಲ ಅಕ್ಕಾ, ಜನ ಹಾಡು ಕೇಳ್ತಾರೆ."

"ಜನ ಮೊದಲು ನೋಡದೇ ಕೈ. ನಂಗೆ ಗೊತ್ತು."

"ನನ್ನ ಕೈ ನಂದು," ಎಂದೆ ನಾನು. ಅವ್ವನಿಗೆ ಎದುರು ಮಾತಾಡಿದ್ದು ಅದೇ ಮೊದಲು. "ಅಲ್ಲಿ ಹಿಂಜಾಕ ಬಿಡದಿದ್ದರ ನಾನು ಮದುವಿಗೇ ಬರಂಗಿಲ್ಲ. ಇನ್ನ ಮ್ಯಾಲ ಗಿಟಾರನೂ ಮುಟ್ಟಂಗಿಲ್ಲ."

ಕಮಾನಿನ ಸದ್ದು ನಿಂತಿತು. ಆ ಜಗಳ ವಾರವಿಡೀ ನಡೆಯಿತು, ಸಾರಿಗೆ ಉಪ್ಪು ಹಾಕಲು ಮರೆಯುವಷ್ಟು ನಡೆಯಿತು. ಕೊನೆಗೆ ಅವ್ವ ಒಂದು ಶರತ್ತಿಗೆ ಒಪ್ಪಿದಳು. ಹೆಂಗಸರು ಕೂರುವ ಜಗಲಿಗೆ ಹೇಗೂ ಪರದೆ ಕಟ್ಟುತ್ತಾರೆ. ನಾನು ಅದರ ಹಿಂದೆ ಕೂರಬೇಕು, ಮೈಕ್ ಒಳಗೆ ಬರಲಿ, ದನಿ ಹೊರಗೆ ಹೋಗಲಿ. ಬಾರಿಸುವವರು ಯಾರೆಂದು ಮಾವ ಯಾರಿಗೂ ಹೇಳಕೂಡದು. ನನಗೆ ಅವಮಾನವಾಯಿತು. ಆದರೆ ಇಷ್ಟಕ್ಕೂ ಇಲ್ಲ ಎಂದರೆ ಎಲ್ಲವೂ ಮುಗಿಯುತ್ತಿತ್ತು, ಹೂಂ ಎಂದೆ.

ಜೈನಬಿಗೆ ಅಪ್ಪ ತುಂಬಿದ ಗಾದಿ, ದಿಂಬುಗಳನ್ನು ಬಸ್ಸಿನ ಮೇಲೆ ಹಾಕಿ, ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋದೆವು. ದಾರಿಯುದ್ದಕ್ಕೂ ಗಿಟಾರ್ ನನ್ನ ಮಡಿಲಲ್ಲೇ ಇತ್ತು. ನಿಕಾಹ್ ಆಗಿ ಊಟಕ್ಕೆ ಎಲೆ ಹಾಕುವ ಮುಂಚಿನ ಹೊತ್ತು. ಚಪ್ಪರದಲ್ಲಿ ಎರಡೂ ಕಡೆಯ ಗಂಡಸರು, ಹೂವಿನ ಚಿತ್ತಾರದ ಚಾದರದ ಪರದೆ, ಇತ್ತ ಜಗಲಿಯಲ್ಲಿ ಹೆಂಗಸರು. ಮಾವ ಸ್ಟೂಲಿನ ಮೇಲೆ ಮೈಕ್ ನಿಲ್ಲಿಸಿ ನನ್ನ ತಲೆ ಸವರಿ ಹೊರಗೆ ಹೋದ. ಹಾಕಿದ್ದ ಸಿನಿಮಾ ಹಾಡಿನ ಪ್ಲೇಟನ್ನು ನಿಲ್ಲಿಸಿದ್ದು ಕೇಳಿಸಿತು. ಅವ್ವ ನನ್ನ ಪಕ್ಕದಲ್ಲೇ, ಪರದೆಗೂ ನನಗೂ ನಡುವೆ ಕೂತಳು. ನಾನು ಕಣ್ಣು ಮುಚ್ಚಿ ಹೆಬ್ಬೆರಳು ಎಳೆದೆ. ಹೊರಗೆ ಮರಕ್ಕೆ ಕಟ್ಟಿದ್ದ ಸ್ಪೀಕರಿನಲ್ಲಿ ಅದು ಊರಗಲ ಕೇಳಿಸಿದಾಗ ನನ್ನ ದನಿಗೆ ನಾನೇ ಬೆಚ್ಚಿದೆ. ಜಗಲಿಯ ಹೆಂಗಸರಿಗೆ ಹಾಡು ಗುರುತು ಸಿಕ್ಕಿತು, ಒಬ್ಬಿಬ್ಬರು ದನಿಗೂಡಿಸಿದರು. ಎಲ್ಲ ಸರಿಯಾಗಿ ಹೋಗುತ್ತಿತ್ತು. ಆ ಜಾಗ ಬಂತು. ನಡುಬೆರಳು ತಡವಾಯಿತು, ಹಾಡು ಎಡವಿತು, ಹಿಂದಿನ ಸಾಲಿಗೆ ಹೋದೆ. ಮತ್ತೆ ಅಲ್ಲೇ ಎಡವಿದೆ, ಮತ್ತೆ ಹಿಂದಕ್ಕೆ ಹೋದೆ.

"ಓ ಮೈಕ್‌ಸೆಟ್‌ನೋರೇ!" ಎಂದು ಚಪ್ಪರದಿಂದ ಗಂಡಿನ ಕಡೆಯವರೊಬ್ಬರು ಕೂಗಿದರು. "ಮುಳ್ಳು ಸಿಕ್ಕಾಕ್ಕಂಡದೆ ನೋಡ್ರೀ, ಅದೇ ಅದೇ ಬರ್ತಾ ಅದೆ. ಸ್ವಲ್ಪ ತಟ್ಟಿ!"

"ಪ್ಲೇಟ್ ಸವೆದದೆ ಕಣ್ರೀ," ಎಂದರು ಇನ್ನೊಬ್ಬರು. "ಎಂತ ಹಳೇದು ಹಾಕಿದೀರಿ, ಬದಲಾಯ್ಸಿ. ಸಿನಿಮಾದ್ದು ಹಾಕಿ!"

ಚಪ್ಪರವೆಲ್ಲ ನಕ್ಕಿತು. ನಿಜ ಹೇಳುತ್ತೇನೆ, ನನಗೆ ಬೇಜಾರಾಗಲಿಲ್ಲ, ಸಂತೋಷವಾಯಿತು. ಪೇ‌ಟೆಯ ಅಂಗಡಿಯಲ್ಲಿ ಮಾರುವ ಪ್ಲೇಟಿನ ಹಾಗೆ ಕೇಳಿಸಿತೇ ನನ್ನ ಹಿಂಜುವಿಕೆ? ಪರದೆಯ ಸಂದಿನಲ್ಲಿ ಮಾವ ಕಂಡ. ಅಕ್ಕನಿಗೆ ಮಾತು ಕೊಟ್ಟಿದ್ದವನು ಬಾಯಿ ಬಿಡುವಂತಿಲ್ಲ, ಪ್ಲೇಟ್ ತಿರುಗದ ಪೆಟ್ಟಿಗೆಯ ಮುಂದೆ ಕೈಕಟ್ಟಿ ನಿಂತು ನಮ್ಮ ಕಡೆ ನೋಡುತ್ತಿದ್ದ. "ಬದಲಾಯ್ಸ್ರೀ!" ಎಂದು ಮತ್ತೆ ಕೂಗು ಬಂತು. ನಾನು ಹಾಡು ನಿಲ್ಲಿಸಿದೆ. ಅವ್ವನ ಕಡೆ ತಿರುಗಿದರೆ ಅವಳು ಅಲ್ಲಿ ಕೂತಿರಲಿಲ್ಲ, ಎದ್ದು ನಿಂತಿದ್ದಳು. ಮುಖ ಕೆಂಪಾಗಿತ್ತು. ಎರಡೂ ಕೈಯಲ್ಲಿ ಆ ಹೂವಿನ ಚಾದರವನ್ನು ಹಿಡಿದು ಒಂದೇ ಸಲ ಸರ್ರನೆ ಪಕ್ಕಕ್ಕೆ ಎಳೆದಳು.

"ಯಾರ್ರೀ ಅದು ಪ್ಲೇಟ್ ಅಂದಿದ್ದು? ಕಣ್ಣು ಬಿಟ್ಟು ನೋಡ್ರೀ! ಪ್ಲೇಟ್ ಅಲ್ಲ, ನನ್ ಮಗಳು! ಸುಟ್ಟ ಕೈಯಾಗೆ ಬಾರಿಸ್ತಿರದು ನನ್ ಮಗಳು!"

ಮೈಕ್ ಎದುರಿಗೇ ಇತ್ತು. ಅವಳು ಅಷ್ಟು ವರ್ಷ ಸೆರಗಿನಲ್ಲಿ ಮುಚ್ಚಿಟ್ಟದ್ದು, ಸ್ಪೀಕರಿನಿಂದ ಹೊರಟು ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿತು. ಸುಟ್ಟ ಕೈ ಎನ್ನುವ ಮಾತು ಅವಳ ಬಾಯಲ್ಲಿ ಬಂದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಚಪ್ಪರದಲ್ಲಿದ್ದ ಅಷ್ಟೂ ಜನ ನನ್ನ ಕೈಯನ್ನೇ ನೋಡುತ್ತಿದ್ದರು. ಮೂಲೆಯಲ್ಲಿ ಕೂತಿದ್ದ ಅಪ್ಪ ನಿಂತುಕೊಂಡಿದ್ದ. ನನಗೆ ಕೈಯನ್ನು ಎಲ್ಲಾದರೂ ಅಡಗಿಸಬೇಕೆನ್ನಿಸಿ ತಂತಿಯಿಂದ ತೆಗೆದೆ.

"ತೆಗೀಬ್ಯಾಡ," ಎಂದಳು ಅವ್ವ. ಸೊರಬದವಳ ಬಾಯಲ್ಲಿ ಶಿಕಾರಿಪುರದ ಮಾತು ಬಂತು, ಅದು ಅವಳಿಗೆ ಗೊತ್ತೇ ಆಗಲಿಲ್ಲ. "ಮೊದಲಿಂದ ಬಾರಿಸು ಮಾಬೂ."

ಮೊದಲಿಂದ ಶುರು ಮಾಡಿದೆ. ಆ ಜಾಗದಲ್ಲಿ ಮತ್ತೆ ಎಡವಿದೆ, ಹಿಂದಕ್ಕೆ ಹೋಗಿ ಮತ್ತೆ ಮುಂದೆ ಬಂದೆ, ಈ ಸಲ ಯಾರೂ ಕೂಗಲಿಲ್ಲ. ಪರದೆಯ ದಾರ ಸಡಿಲವಾಗಿತ್ತು, ಬಿಟ್ಟರೆ ಚಾದರ ಜಾರಿ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಹಾಡು ಮುಗಿಯುವವರೆಗೂ ಅವ್ವ ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ನಿಂತಿದ್ದಳು.